621 ಅಂಕದ ಹುಡುಗ ಮತ್ತು ಉದ್ರಿ ಪುಸ್ತಕ: ಒಂದು ಪ್ರಕರಣ ಅಧ್ಯಯನ

ಈ ಹುಡುಗ ಯಾರಿರಬಹುದು ಎಂದು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಹೈಸ್ಕೂಲು ಮತ್ತು ಪಿಯು ಶಿಕ್ಷಕರ ಜೊತೆ ಕೂತು ಮಾತಾಡಲೆಂದು ನಾನೇ ಕಟ್ಟಿದ ಪ್ರಕರಣ ಇದು. ಕುಮಟಾ ಅಂಕೋಲಾ ನಡುವಿನ ಒಂದು ಊರು, ಶಿರಸಿ ಕಡೆಯ ಒಂದು ತೋಟದ ಮನೆ, ಇಬ್ಬರು ಹುಡುಗರು, ಒಬ್ಬ ಅಂಗಡಿಯಮ್ಮ, ಎಲ್ಲವೂ ಹೆಣೆದದ್ದು. ಹೆಣಿಗೆಯ ನಾರು ಮಾತ್ರ ಸ್ಟಾಫ್ ರೂಮು, ಬಸ್‌ಸ್ಟ್ಯಾಂಡು, ಮದುವೆ ಮನೆಯ ಪಂಕ್ತಿಗಳಲ್ಲಿ ನಾನು ವರ್ಷಗಟ್ಟಲೆ ಕೇಳಿದ ಮಾತುಗಳಿಂದ ಬಂದದ್ದು. ಕಾನೂನಿನ ಕಲಮುಗಳೂ ಬೇರೆ ಊರುಗಳ ಪ್ರಕರಣಗಳೂ ನಿಜವಾದವೇ. ನಿಜವಾಗಿ ನಡೆದದ್ದನ್ನೇ ಬರೆಯಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಬರೆಯುವಂತಿಲ್ಲ. ಯಾಕೆ ಎನ್ನುವುದು ಈ ಪ್ರಕರಣದ ಹೊಟ್ಟೆಯಲ್ಲೇ ಇದೆ.

ನಡೆದದ್ದು

2024ರ ನವೆಂಬರ್. ತುಳಸಿ ಮದುವೆಯ ಮಾರನೇ ಬೆಳಿಗ್ಗೆ ಆರು ಗಂಟೆಗೆ ಹಾಲಿನವನು ಬಂದಾಗ ಕಾಲೇಜು ರಸ್ತೆಯ ಗೂಡಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಂಗಡಿಯಮ್ಮ ಬಿದ್ದಿದ್ದರು. ವಯಸ್ಸು 63. ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಒಬ್ಬಳೇ ಮಗಳು, ಕಾರವಾರಕ್ಕೆ ಕೊಟ್ಟದ್ದು. ಅಂಗಡಿಯ ಹಿಂದಿನ ಒಂದು ಕೋಣೆಯೇ ಮನೆ. ತಲೆಗೆ ಎರಡು ಪೆಟ್ಟು ಬಿದ್ದಿತ್ತು. ಕೊರಳಿನ ಸರ ಇರಲಿಲ್ಲ, ಗಲ್ಲಾಪೆಟ್ಟಿಗೆ ಖಾಲಿ.

ತಾಲೂಕು ಆಸ್ಪತ್ರೆಯವರು ಪಟ್ಟಿ ಕಟ್ಟಿ ಮಣಿಪಾಲಕ್ಕೆ ಬರೆದುಕೊಟ್ಟರು. ತಲೆಗೆ ಪೆಟ್ಟು ಅಂದರೆ ನಮ್ಮ ಜಿಲ್ಲೆಯವರಿಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲದಿದ್ದರೆ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಬಿದ್ದ ಮೇಲೆ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂಬ ಕೂಗು ಎಷ್ಟು ಜೋರಾಗಿತ್ತು ಎಂಬುದನ್ನು ಇಲ್ಲಿಯವರಿಗೆ ನೆನಪಿಸಬೇಕಾಗಿಲ್ಲ. ಅಂಗಡಿಯಮ್ಮ ಅದೇ ಟೋಲ್ ದಾಟಿ ಹೋದರು. ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ, ಮಾತು ಅರ್ಧ ಉಳಿಯಿತು.

ಮೊದಲ ಮೂರು ದಿನ ಊರಿಗೆ ಯಾವ ಗೊಂದಲವೂ ಇರಲಿಲ್ಲ. ‘ಹೊರಗಿನವರ ಕೆಲಸ’ ಎಂದು ತೀರ್ಮಾನವಾಗಿಯೇ ಹೋಗಿತ್ತು. ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಬಂದ ಹಿಂದಿ ಮಾತಾಡುವ ಹುಡುಗರು ಅಂಗಡಿಯಲ್ಲಿ ಗುಟ್ಕಾ ಕೊಳ್ಳುತ್ತಿದ್ದರು, ಅಷ್ಟು ಸಾಕಾಯಿತು. ಮೂವರನ್ನು ಠಾಣೆಗೆ ಕರೆಸಿದರು. ಅವರಲ್ಲಿ ಒಬ್ಬನಿಗೆ ಠಾಣೆಗೆ ಹೋಗುವ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ಹೊಡೆತ ಬಿತ್ತು. ಮೂವರನ್ನೂ ಬಿಟ್ಟರು. ಹೊಡೆದವರು ಯಾರೂ ಆಮೇಲೆ ಆ ವಿಷಯ ಎತ್ತಲಿಲ್ಲ. ಹೊಡೆಸಿಕೊಂಡವನು ಆ ವಾರವೇ ಊರು ಬಿಟ್ಟ. ತರಬೇತಿಯಲ್ಲಿ ಈ ಪ್ಯಾರಾವನ್ನು ಯಾರೂ ಗುರುತು ಹಾಕಿಕೊಳ್ಳುವುದಿಲ್ಲ. ‘ಪ್ರಕರಣ’ ಶುರುವಾಗುವುದು ನಾಲ್ಕನೇ ದಿನ ಎಂದೇ ಎಲ್ಲರ ಲೆಕ್ಕ.

ನಾಲ್ಕನೇ ದಿನ ಹುಬ್ಬಳ್ಳಿಯ ಚಿನ್ನದ ಅಂಗಡಿಯೊಂದರ ಕ್ಯಾಮೆರಾದಲ್ಲಿ ಸರ ಮಾರಲು ಬಂದ ಹುಡುಗನ ಮುಖ ಸಿಕ್ಕಿತು. ದ್ವಿತೀಯ ಪಿಯು ವಿಜ್ಞಾನ, ವಯಸ್ಸು 17 ವರ್ಷ 2 ತಿಂಗಳು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 621. ಘಟ್ಟದ ಮೇಲಿನ ಊರಿನವನು, ಘಟ್ಟದ ಕೆಳಗೆ ರೂಮು ಮಾಡಿಕೊಂಡು ನೀಟ್‌ಗೆ ಓದುತ್ತಿದ್ದ. ಅಪ್ಪನಿಗೆ ಒಂದೂವರೆ ಎಕರೆ ಅಡಿಕೆ ತೋಟ, ಅದಕ್ಕೆ ಎರಡು ವರ್ಷದಿಂದ ಎಲೆಚುಕ್ಕಿ ರೋಗ. ಚಿನ್ನದ ಅಂಗಡಿಯ ಹೊರಗೆ ಬೈಕ್ ಹಿಡಿದು ನಿಂತಿದ್ದವನು ಇನ್ನೊಬ್ಬ: ಪ್ರಥಮ ಪಿಯುನಲ್ಲಿ ಡುಮ್ಕಿ ಹೊಡೆದು ಗ್ಯಾರೇಜ್ ಸೇರಿದ್ದ ಗೆಳೆಯ. ಅವನ ತಾಯಿ ತದಡಿ ಬಂದರಿನಲ್ಲಿ ಮೀನು ಆರಿಸುವ ಕೆಲಸದವಳು. ಜೂನ್ ಜುಲೈನ ಎರಡು ತಿಂಗಳು, ಬೋಟು ಕಡಲಿಗೆ ಇಳಿಯದಾಗ, ಅದೂ ಇಲ್ಲ.

ಪೊಲೀಸರು ಹೇಳಿದ್ದು ಹೀಗೆ. ಹುಡುಗ ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಕ್ಕೆ ಬಿದ್ದಿದ್ದ, ಸಾಲ ಮಾಡಿಕೊಂಡಿದ್ದ. (ಅಂಥ ಆಟಗಳನ್ನು ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿದ್ದು 2025ರ ಆಗಸ್ಟ್‌ನಲ್ಲಿ. ಈ ಹುಡುಗನ ಮಟ್ಟಿಗೆ ಅದು ಒಂಬತ್ತು ತಿಂಗಳು ತಡ.) ಅಂಗಡಿಯಮ್ಮನ ಉದ್ರಿ ಪುಸ್ತಕದಲ್ಲಿ ಅವನ ಹೆಸರಿನ ಎದುರು 2,340 ರೂಪಾಯಿ ಬಾಕಿ ಇತ್ತು. ಪೊಲೀಸರು ಪುಸ್ತಕವನ್ನು ಮುದ್ದೆಮಾಲು ಮಾಡಿ ಒಯ್ದರು. ಕಡ್ಡಿಪೆಟ್ಟಿಗೆಯಿಂದ ರೀಫಿಲ್‌ವರೆಗೆ ಎಲ್ಲವನ್ನೂ ಆಕೆ ಅದರಲ್ಲಿ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದರು. ಮಕ್ಕಳ ನಿಜವಾದ ಹೆಸರು ಗೊತ್ತಿಲ್ಲದ ಕಡೆ ‘ಕನ್ನಡಕ’, ‘ಉದ್ದ ಮಾಣಿ’, ‘ಗೋಕರ್ಣದ ಕೂಸು’ ಎಂದು ಇತ್ತು.

ಫ್ಲೆಕ್ಸ್

ಕಾಲೇಜಿನ ಗೇಟಿನ ಮೇಲೆ ಹುಡುಗನ ಮುಖವಿದ್ದ ಫ್ಲೆಕ್ಸ್ ಒಂದೂವರೆ ವರ್ಷದಿಂದ ತೂಗುತ್ತಿತ್ತು. ಮೇಲೆ ‘ನಮ್ಮ ಹೆಮ್ಮೆ’, ಕೆಳಗೆ ಕೆಂಪಕ್ಷರದಲ್ಲಿ 621. ಐದನೇ ದಿನ ಬೆಳಿಗ್ಗೆ ನೋಡುವಾಗ ಫ್ಲೆಕ್ಸ್ ಇರಲಿಲ್ಲ, ಕಟ್ಟಿದ್ದ ಹುರಿ ನಾಲ್ಕು ಮೂಲೆಯಲ್ಲೂ ನೇತಾಡುತ್ತಿತ್ತು. ಯಾರು ತೆಗೆದರು ಎಂದು ಕೇಳಿದರೆ ಜವಾನನಿಂದ ಪ್ರಾಂಶುಪಾಲರವರೆಗೆ ಎಲ್ಲರೂ ‘ಗಾಳಿಗೆ ಹೋಗಿರಬೇಕು’ ಎಂದರು. ನವೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ಎಂಥ ಗಾಳಿ!

ಅದೇ ಹೊತ್ತಿಗೆ ಮನೆ ಮನೆಗಳಲ್ಲಿ ನಡೆಯುತ್ತಿದ್ದ ಮಾತು ಬೇರೆಯೇ. ‘ಆ ಮಾಣಿ ಹಂಗೆ ಮಾಡಂವ ಅಲ್ಲ.’ ಹೀಗೆ ಹೇಳಿದವರಲ್ಲಿ ಹುಡುಗನನ್ನು ಒಮ್ಮೆಯೂ ಮಾತಾಡಿಸದವರೇ ಹೆಚ್ಚು. ಯಾಕೆ ಮಾಡುವವನಲ್ಲ? ‘621 ತೆಗೆದ ಹುಡುಗ ಕಣ್ರೀ.’ ಇಷ್ಟೇ ಸಾಕ್ಷಿ. ಅಂಕಪಟ್ಟಿಯಲ್ಲಿ ಗಣಿತ ಇದೆ, ಸಮಾಜ ವಿಜ್ಞಾನ ಇದೆ. ಮುದುಕಿಯ ತಲೆಗೆ ಹೊಡೆಯುವನೋ ಇಲ್ಲವೋ ಎಂಬ ವಿಷಯಕ್ಕೆ ಪರೀಕ್ಷೆ ಇರಲಿಲ್ಲ. 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿ ಒಂದು ವಿಚಿತ್ರ ಕಂಡ. ಮೈಕಟ್ಟು ಚೆನ್ನಾಗಿದೆ ಎಂದವನಿಗೆ ಬುದ್ಧಿ, ನಾಯಕತ್ವ, ನಡತೆ ಎಲ್ಲದರಲ್ಲೂ ಚೆನ್ನಾಗಿಯೇ ಅಂಕ ಬಿದ್ದಿತ್ತು. ಅವನು ಅದಕ್ಕೆ ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಪ್ರಭಾವಳಿ’ ಎನ್ನಬಹುದು. ದೇವರ ಮೂರ್ತಿಯ ಹಿಂದಿನ ಪ್ರಭಾವಳಿ ಬೇರೆ, ಮೂರ್ತಿ ಬೇರೆ. ಎರಡನ್ನೂ ಬೇರೆ ಬೇರೆ ಎರಕ ಹೊಯ್ದಿರುತ್ತಾರೆ. ದೂರದಿಂದ ಕೈಮುಗಿಯುವವನಿಗೆ ಅದು ಕಾಣುವುದಿಲ್ಲ.

ಆಮೇಲೆ ಊರು ಕಂಡುಕೊಂಡ ದಾರಿ ಸುಲಭದ್ದು. ಮಾಡಿದ್ದು ಹೌದು ಅಂತಾದರೆ, ಮಾಡಿಸಿದ್ದು ಗ್ಯಾರೇಜಿನವನು. ‘ಸಹವಾಸದಿಂದ ಕೆಟ್ಟ.’ ಪೊಲೀಸರ ಕಾಗದದಲ್ಲಿ ಸರ ಮಾರಲು ಒಳಗೆ ಹೋದವನು 621, ಹೊರಗೆ ನಿಂತವನು ಗ್ಯಾರೇಜು. ಊರ ಮಾತಿನಲ್ಲಿ ಇಬ್ಬರೂ ಜಾಗ ಬದಲಿಸಿಕೊಂಡರು. ಗ್ಯಾರೇಜಿನವನ ಪರ ‘ಹಂಗೆ ಮಾಡಂವ ಅಲ್ಲ’ ಎಂದವರು ಒಬ್ಬರೇ, ಅವನ ಮೇಸ್ತ್ರಿ. ಒಂದು ಸ್ಪ್ಯಾನರ್ ಕೂಡ ಕಳೆದಿಲ್ಲ ಅವನ ಕೈಯಲ್ಲಿ ಎಂದಿದ್ದರು ಅವರು. ಆ ಮಾತನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ.

ಮಾತು ತಿರುಗಿದ್ದು

ಎಂಟನೇ ದಿನದ ಹೊತ್ತಿಗೆ ಹೊಸ ಸುದ್ದಿ ಹರಡಿತು. ಹುಡುಗ ಘಟನೆಗೆ ಮೊದಲು ಫೋನಿನಲ್ಲಿ ಏನೇನೋ ಹುಡುಕಿದ್ದನಂತೆ, ಬೆರಳಚ್ಚು ಅಳಿಸುವುದು ಹೇಗೆಂದು ನೋಡಿದ್ದನಂತೆ. ದೋಷಾರೋಪದ ಕಾಗದದಲ್ಲಿ ಇದರ ಸುಳಿವಿಲ್ಲ. ಆದರೂ ಊರಿಗೆ ಊರೇ ಮಗ್ಗುಲು ಬದಲಿಸಿತು. ನಿನ್ನೆಯವರೆಗೆ ‘ಅಷ್ಟು ಜಾಣ, ಅವನೆಲ್ಲಿ ಮಾಡ್ತಾನೆ’ ಎಂದವರೇ ಇಂದು ‘ಅಷ್ಟು ಜಾಣ, ಅವನಲ್ಲದೆ ಮತ್ಯಾರು ಮಾಡ್ತಾರೆ’ ಎಂದರು. ಅದೇ ಜಾಣತನ, ಅದೇ 621.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಷ್ಟೇ. ಅಂಕ ಮೊದಲು ಕೊಡೆಯಾಯಿತು, ಆಮೇಲೆ ಅದೇ ಕೊಡೆಯ ಕೋಲಿನಿಂದ ಹೊಡೆದರು. ಎರಡೂ ಸಲ ಹುಡುಗ ಏನು ಮಾಡಿದ, ಏನು ಮಾಡಲಿಲ್ಲ ಎನ್ನುವುದನ್ನು ಯಾರೂ ಕೇಳಲಿಲ್ಲ.

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. 1924ರಲ್ಲಿ ಶಿಕಾಗೋದಲ್ಲಿ ಲಿಯೋಪೋಲ್ಡ್ ಮತ್ತು ಲೋಬ್ ಎಂಬ ಇಬ್ಬರು ಶ್ರೀಮಂತ, ಮಹಾಬುದ್ಧಿವಂತ ವಿದ್ಯಾರ್ಥಿಗಳು 14 ವರ್ಷದ ಬಾಲಕನನ್ನು ಕೊಂದಾಗ ಒಬ್ಬನಿಗೆ 19, ಇನ್ನೊಬ್ಬನಿಗೆ 18. ಅಲ್ಲಿನ ಪತ್ರಿಕೆಗಳಿಗೆ ಕೊಲೆಗಿಂತ ಅವರ ಬುದ್ಧಿವಂತಿಕೆಯೇ ದೊಡ್ಡ ಸುದ್ದಿ. ನೂರು ವರ್ಷ ಕಳೆದರೂ ಆ ಇಬ್ಬರ ಹೆಸರನ್ನು ಕೂಡಿಸಿ ಹೇಳುತ್ತಾರೆ, ಸತ್ತ ಬಾಲಕನ ಹೆಸರು ಯಾರ ನಾಲಿಗೆಗೂ ಬರುವುದಿಲ್ಲ.

ತೀರ್ಪು ಮೊದಲು, ತನಿಖೆ ಆಮೇಲೆ ಎಂಬ ಅವಸರದ ಬೆಲೆ ನಮ್ಮ ಜಿಲ್ಲೆಗೂ ಗೊತ್ತು. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯಲ್ಲಿ ಒಬ್ಬ ತರುಣನ ಶವ ಸಿಕ್ಕಾಗ, ಅದು ಕೊಲೆಯೇ ಎಂದು, ಕುಮಟಾ, ಶಿರಸಿಯವರೆಗೆ ಕಲ್ಲು, ಬೆಂಕಿ ಹಬ್ಬಿತು. ಸಿಬಿಐ 2022ರಲ್ಲಿ ಅದು ಆಕಸ್ಮಿಕ ಸಾವೆಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅದೇ 2017ರ ಸೆಪ್ಟೆಂಬರಿನಲ್ಲಿ ದೂರದ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ ಅದೇ ದಿನ ಶಾಲಾ ಬಸ್ಸಿನ ಕಂಡಕ್ಟರನನ್ನು ಹಿಡಿದರು, ದೇಶವೇ ಅವನಿಗೆ ಶಾಪ ಹಾಕಿತು. ಎರಡು ತಿಂಗಳ ನಂತರ ಸಿಬಿಐ ಅದೇ ಶಾಲೆಯ ಹನ್ನೊಂದನೇ ತರಗತಿಯ ವಿದ್ಯಾರ್ಥಿಯನ್ನು ವಶಕ್ಕೆ ತೆಗೆದುಕೊಂಡಿತು, ಕಂಡಕ್ಟರನನ್ನು ಪ್ರಕರಣದಿಂದ ಕೈಬಿಡಲಾಯಿತು. ನಮ್ಮ ಪ್ರಕರಣದ ಹೆದ್ದಾರಿ ಕೂಲಿಯವನನ್ನು ನಾನು ಸುಮ್ಮನೆ ಸೇರಿಸಿದ್ದಲ್ಲ.

ಹೆಸರಿಲ್ಲದೆ ಹೆಸರು ಹೇಳುವುದು

ಬಾಲನ್ಯಾಯ ಕಾಯಿದೆ 2015, ಕಲಂ 74. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಿದ್ದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತಿಸುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪತ್ರಿಕೆಯವರಿಗೆ ಇದು ಗೊತ್ತು. ಅದಕ್ಕೇ ಅವರು ಹೆಸರು ಹಾಕಲಿಲ್ಲ. ‘ಎಸ್ಸೆಸ್ಸೆಲ್ಸಿಯಲ್ಲಿ 621 ಅಂಕ ಗಳಿಸಿ ತಾಲೂಕಿಗೆ ಕೀರ್ತಿ ತಂದಿದ್ದ ವಿದ್ಯಾರ್ಥಿ’ ಎಂದು ಬರೆದರು. ಇನ್ನೇನು ಬೇಕು? ತಾಲೂಕಿನಲ್ಲಿ ಆ ವರ್ಷ 621 ತೆಗೆದವನು ಒಬ್ಬನೇ.

ಸಾಮಾನ್ಯ ಹುಡುಗನ ಹೆಸರು ಮುಚ್ಚಿಟ್ಟರೆ ಅವನು ನಿಜಕ್ಕೂ ಮರೆಯಾಗುತ್ತಾನೆ. ಹೆಸರು ಮಾಡಿದ ಹುಡುಗನಿಗೆ ಸಾಧನೆಯೇ ವಿಳಾಸ. ಫಲಿತಾಂಶದ ದಿನ ಅದೇ ಪತ್ರಿಕೆಯಲ್ಲಿ ಬಂದಿದ್ದ, ಅಪ್ಪ ಅಮ್ಮ ಲಾಡು ತಿನ್ನಿಸುವ ಫೋಟೋವನ್ನು ಜನ ವಾಟ್ಸಾಪಿನಲ್ಲಿ ಹುಡುಕಿ ತೆಗೆದು ಮತ್ತೆ ಹಂಚಿದರು. ಹಂಚಿದವರಲ್ಲಿ ಅವನಿಗೆ ಸನ್ಮಾನ ಮಾಡಿ ಶಾಲು ಹೊದೆಸಿದವರೂ ಇದ್ದರು. ಅವರಿಗೆ ಯಾರಿಗೂ ತಾವು ಕಾನೂನು ಮೀರುತ್ತಿದ್ದೇವೆ ಎನಿಸಲಿಲ್ಲ. ಹಳೆಯ ಫೋಟೋ ತಾನೆ! ಗೆಳೆಯನ ಫೋಟೋ ಮಾತ್ರ ಯಾರಿಗೂ ಸಿಗಲಿಲ್ಲ. ಅವನನ್ನು ಯಾರೂ ಯಾವತ್ತೂ ವೇದಿಕೆಗೆ ಹತ್ತಿಸಿರಲಿಲ್ಲ. ಕಡೆಗಣನೆಯಿಂದ ಅವನಿಗೆ ದಕ್ಕಿದ ಲಾಭ ಇದೊಂದೇ.

ತರಬೇತಿಯಲ್ಲಿ ಒಮ್ಮೆ ಒಬ್ಬ ಕನ್ನಡ ಮೇಷ್ಟ್ರು ಎದ್ದು ನಿಂತು, ‘ಹಾಗಾದರೆ ಮಕ್ಕಳ ಸಾಧನೆಯನ್ನೇ ಹೇಳಬಾರದಾ?’ ಎಂದು ಸಿಟ್ಟಿನಿಂದ ಕೇಳಿದರು. ಹೇಳಿ ಮೇಷ್ಟ್ರೆ, ಆದರೆ ಫ್ಲೆಕ್ಸ್ ಕಟ್ಟುವಾಗ ಇದ್ದ ಉತ್ಸಾಹ ಫ್ಲೆಕ್ಸ್ ಕಳಚುವಾಗಲೂ ನಿಮ್ಮದೇ ಹೆಸರಿನಲ್ಲಿರಲಿ ಎಂದೆ. ಅವರಿಗೆ ನನ್ನ ಉತ್ತರ ಹಿಡಿಸಲಿಲ್ಲ. ನನಗೂ ಪೂರ್ತಿ ಹಿಡಿಸಿಲ್ಲ.

ಜಾಮೀನು

ಹಿಡಿದ ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಎದುರು ಹಾಜರುಪಡಿಸಬೇಕು. ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಇಬ್ಬರೂ ಹುಡುಗರನ್ನು ಕಾರವಾರಕ್ಕೆ ಒಯ್ದರು, ಅಲ್ಲಿಂದ ಆರೋಪ ಹೊತ್ತ ಮಕ್ಕಳನ್ನು ಇರಿಸುವ ವೀಕ್ಷಣಾಲಯಕ್ಕೆ. ಹದಿನೆಂಟು ದಿನದ ಮೇಲೆ ಇಬ್ಬರಿಗೂ ಜಾಮೀನಾಯಿತು.

ಊರು ಸಿಡಿದೆದ್ದದ್ದು ಆಗ. ‘ದುಡ್ಡು ತಿಂದು ಬಿಟ್ಟರು.’ ಆ ವರ್ಷ ಮೇ ತಿಂಗಳಲ್ಲಿ ಪುಣೆಯಲ್ಲಿ 17 ವರ್ಷದವನೊಬ್ಬ ಪೋರ್ಶೆ ಕಾರು ಗುದ್ದಿಸಿ ಇಬ್ಬರು ಸತ್ತದ್ದು, ಮಂಡಳಿ 300 ಪದದ ಪ್ರಬಂಧ ಬರೆಯುವ ಷರತ್ತು ಹಾಕಿ ಜಾಮೀನು ಕೊಟ್ಟದ್ದು, ಆಮೇಲೆ ರಕ್ತದ ಮಾದರಿಯನ್ನೇ ಬದಲಿಸಿದರೆಂದು ವೈದ್ಯರನ್ನು ಬಂಧಿಸಿದ್ದು ಎಲ್ಲರ ನೆನಪಿನಲ್ಲಿ ಹಸಿಯಾಗಿತ್ತು. ಹೋಟೆಲಿನಲ್ಲಿ ‘ನಮ್ಮವನಿಗೆ ಎಷ್ಟು ಪದದ ಪ್ರಬಂಧವಂತೆ?’ ಎಂದು ನಗುತ್ತಿದ್ದರು. ಸಿಟ್ಟು ಸುಳ್ಳಲ್ಲ. ದುಡ್ಡಿದ್ದವನಿಗೆ ಒಂದು ಕಾನೂನು ಎಂಬ ಅನುಮಾನಕ್ಕೆ ಪುಣೆಯವರು ಬೇಕಾದಷ್ಟು ಕಟ್ಟಿಗೆ ಒದಗಿಸಿದ್ದರು. ಆದರೆ ದೊಡ್ಡವರ ಜಾಮೀನೇ ಬೇರೆ, ಮಕ್ಕಳ ಜಾಮೀನೇ ಬೇರೆ. ಕಲಂ 12ರ ಪ್ರಕಾರ ಮಗುವನ್ನು ಬಿಡುವುದೇ ನಿಯಮ. ಬಿಟ್ಟರೆ ಕಳ್ಳಕಾಕರ ಸಹವಾಸಕ್ಕೆ ಬೀಳುತ್ತದೆ, ಮಗುವಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ನಂಬಲು ಕಾರಣವಿದ್ದರೆ ಮಾತ್ರ ತಡೆಯಬಹುದು, ಆ ಕಾರಣವನ್ನು ಬರೆದಿಡಬೇಕು. ಆರೋಪ ಎಷ್ಟು ದೊಡ್ಡದು ಎಂಬುದೊಂದೇ ಸಾಲದು. ಇದನ್ನು ಊರಿಗೆ ತಿಳಿಸಿ ಹೇಳುವ ಕೆಲಸ ಯಾರದ್ದು? ನನಗೆ ಕಂಡ ಮಟ್ಟಿಗೆ ಯಾರದ್ದೂ ಅಲ್ಲ.

ಜಾಮೀನಾದ ದಿನವೇ ಹುಡುಗನ ಅಪ್ಪ ಬಾಡಿಗೆ ಜೀಪು ಮಾಡಿ ಕರೆದೊಯ್ದರು. ಗೆಳೆಯ ಇನ್ನೂ ಎಂಟು ದಿನ ಅಲ್ಲೇ ಉಳಿದ. ಅವನ ತಾಯಿಗೆ ಕಾಗದ ಮುಟ್ಟಿದ್ದು ತಡ, ಷರತ್ತಿನ ಹಣಕ್ಕೆ ಕೈಕಾಲು ಬಡಿದದ್ದು ಇನ್ನೂ ತಡ. ಏಳು ದಿನದೊಳಗೆ ಜಾಮೀನಿನ ಷರತ್ತು ಪೂರೈಸಲು ಆಗದಿದ್ದರೆ ಮಗುವನ್ನು ಮತ್ತೆ ಮಂಡಳಿಯ ಎದುರು ತಂದು ಷರತ್ತು ಸಡಿಲಿಸಬೇಕು ಎಂದು ಕಾನೂನಿನಲ್ಲೇ ಇದೆ. ಹಾಗೆ ಸಡಿಲಿಸಿದ ಮೇಲೆಯೇ ಅವನು ಹೊರಬಂದ. ‘ದುಡ್ಡು ತಿಂದು ಬಿಟ್ಟರು’ ಎಂದವರು ಇಬ್ಬರನ್ನೂ ಸೇರಿಸಿಯೇ ಹೇಳುತ್ತಿದ್ದರು.

ತೋಟದ ಮನೆಯ ವಿಷಯ ಒಂದು ಮಾತು ಹೇಳಬೇಕು. ಹುಡುಗನ ಆಯಿ ಮೂರು ತಿಂಗಳು ಯಾರ ಮನೆಗೂ ಹೋಗಲಿಲ್ಲ, ಅರಿಶಿನ ಕುಂಕುಮಕ್ಕೂ. ಸಮಾಧಾನ ಹೇಳಲು ಬಂದ ನೆಂಟರು ಅಂಗಳದಲ್ಲೇ ಸುತ್ತಿ ಬಳಸಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಹೌದೋ ಅಲ್ಲವೋ. ಆಕೆ ಒಮ್ಮೆ ಹೇಳಿದ್ದು: ‘ಹೆತ್ತ ಎಂಗೇ ಗೊತ್ತಿಲ್ಲೆ. ಊರವ್ಕೆ ಹ್ಯಾಂಗೆ ಗೊತ್ತಾತು?’

ಮಂಡಳಿಯ ಎದುರಿನ 621

ಹದಿನಾರು ತುಂಬಿದ ಮಗುವಿನ ಮೇಲೆ ಘೋರ ಅಪರಾಧದ ಆರೋಪ ಬಂದರೆ ಮಂಡಳಿ ಮೊದಲು ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರದ ಕೋಪದಲ್ಲಿ ರೂಪುಗೊಂಡು 2016ರ ಜನವರಿಯಲ್ಲಿ ಜಾರಿಗೆ ಬಂದ ಏರ್ಪಾಡು ಇದು. ಘೋರ ಎಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಮೇಲ್ಪಟ್ಟ ಅಪರಾಧ. ಇಲ್ಲೊಂದು ಗಂಟಿದೆ, ಶಿಕ್ಷಕರು ಪ್ರತಿ ಸಲವೂ ಬೆಚ್ಚಿ ಬೀಳುವ ಗಂಟು. ಕೊಲೆಯತ್ನ ‘ಘೋರ’ ಅಲ್ಲ! ಭಾರತೀಯ ನ್ಯಾಯ ಸಂಹಿತೆಯ ಕಲಂ 109ರಲ್ಲಿ ಗರಿಷ್ಠ ಶಿಕ್ಷೆ ದೊಡ್ಡದಿದೆ, ಕನಿಷ್ಠ ಇಷ್ಟೆಂದು ಇಲ್ಲ. ಕನಿಷ್ಠ ಹೇಳಿರದ ಇಂಥವು ‘ಗಂಭೀರ’ ವರ್ಗಕ್ಕೆ ಸೇರುತ್ತವೆ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಹೇಳಿತು. ನಮ್ಮ ಹುಡುಗರು ಘೋರದ ಸಾಲಿಗೆ ಬಂದದ್ದು ಸರದಿಂದಾಗಿ. ಸುಲಿಗೆ ಮಾಡುವಾಗ ಮಾರಕಾಸ್ತ್ರ ಬಳಸಿದರೆ ಅಥವಾ ತೀವ್ರ ಗಾಯ ಮಾಡಿದರೆ ಕಲಂ 311, ಕನಿಷ್ಠ ಏಳು ವರ್ಷ. ತಲೆ ಒಡೆದದ್ದಕ್ಕಲ್ಲ, ತಲೆ ಒಡೆದು ಸರ ಕಿತ್ತದ್ದಕ್ಕೆ. ಕಾನೂನಿನ ತಕ್ಕಡಿ ಕೆಲವೊಮ್ಮೆ ಹೀಗೆ ತೂಗುತ್ತದೆ, ಹೀಗೇಕೆ ಎಂದರೆ ನನ್ನ ಬಳಿ ಉತ್ತರವಿಲ್ಲ.

ಮೌಲ್ಯಮಾಪನದಲ್ಲಿ ಮಂಡಳಿ ನೋಡಬೇಕಾದ್ದು ಅಂಥ ಕೃತ್ಯ ಎಸಗಲು ಮಗುವಿಗೆ ಇರುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ತಿಳಿಯುವ ಶಕ್ತಿ, ಮತ್ತು ಕೃತ್ಯ ನಡೆಯಿತೆನ್ನಲಾದ ಸನ್ನಿವೇಶ. ಇದು ವಿಚಾರಣೆಯಲ್ಲ, ಮಾಡಿದನೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಮಂಡಳಿ ಬೇಕೆನಿಸಿದರೆ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸುತ್ತದೆ, ಅಲ್ಲಿ ವಯಸ್ಕನಂತೆ ವಿಚಾರಣೆ ನಡೆಯಬಹುದು. ಇಲ್ಲವಾದರೆ ತಾನೇ ನಡೆಸುತ್ತದೆ; ಆಗ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ.

ಸರ್ಕಾರದ ಪರ ವಕೀಲರು ಎದ್ದು ನಿಂತು ಮೊದಲು ಮುಂದಿಟ್ಟದ್ದು ಅಂಕಪಟ್ಟಿ. ‘625ಕ್ಕೆ 621 ತೆಗೆದವನಿಗೆ ತಲೆಗೆ ಹೊಡೆದರೆ ಏನಾಗುತ್ತದೆಂದು ಗೊತ್ತಿರಲಿಲ್ಲವೇ?’ ಹುಡುಗನ ಪರ ವಕೀಲರು ಎದ್ದು ನಿಂತರು. ಅವರು ಮುಂದಿಟ್ಟದ್ದೂ ಅಂಕಪಟ್ಟಿ. ‘621 ತೆಗೆದ ಮಗುವಿನ ಭವಿಷ್ಯ ಹಾಳು ಮಾಡಬೇಕೇ?’ ಒಂದೇ ಕಾಗದದ ಎರಡು ಜೆರಾಕ್ಸ್ ಪ್ರತಿ. ಹೋಟೆಲಿನಲ್ಲಿ ಊರು ಆಡಿದ ಎರಡೂ ಮಾತು ಕರಿಕೋಟು ಹಾಕಿಕೊಂಡು ಅಲ್ಲಿಗೆ ಬಂದಿದ್ದವು.

ಜೀವಶಾಸ್ತ್ರದಲ್ಲಿ ಮೆದುಳಿನ ಚಿತ್ರ ಬರೆದು ಭಾಗ ಗುರುತಿಸುವವನಿಗೆ, ಸಾಲ ಕೊಟ್ಟವನು ಫೋನು ಮಾಡುತ್ತಿರುವ ರಾತ್ರಿ ಹನ್ನೊಂದು ಗಂಟೆಗೆ ಒಂದು ಹೆಜ್ಜೆ ಹಿಂದೆ ಸರಿಯುವ ತಾಕತ್ತು ಇದ್ದೇ ಇರುತ್ತದೆ ಎನ್ನಲು ಬರುವುದಿಲ್ಲ. ಗುರುಗ್ರಾಮದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, 2022ರ ಜುಲೈ 13ರ ತೀರ್ಪಿನಲ್ಲಿ ನ್ಯಾಯಾಲಯ ಇದೇ ಎಳೆಯನ್ನು ಹಿಡಿಯಿತು. ಪರಿಣಾಮ ತಿಳಿಯುವುದೆಂದರೆ ಹೊಡೆದರೆ ಸಾಯುತ್ತಾರೆ ಎಂದು ತಿಳಿಯುವುದಷ್ಟೇ ಅಲ್ಲ. ಎದುರಿನವರ ಮನೆಗೆ, ತನಗೆ, ತನ್ನ ಮನೆಯವರಿಗೆ ಮುಂದೆ ಏನೇನಾದೀತು ಎಂಬುದೂ ಅದರೊಳಗೆ ಬರುತ್ತದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರಿಲ್ಲದಿದ್ದರೆ ಪರಿಣತರ ನೆರವು ಪಡೆಯುವುದು ಕಡ್ಡಾಯ ಎಂದೂ ಹೇಳಿತು. ನಮ್ಮ ಪ್ರಕರಣದ ಪರಿಣತರ ವರದಿ ನಾಲ್ಕು ಪುಟ. ಮೂರನೇ ಪುಟದಲ್ಲಿ ಒಂದು ಸಾಲಿದೆ: ಹುಡುಗ ಎಂಟನೇ ತರಗತಿಯಿಂದ ಒಂದೇ ಒಂದು ಸಂಜೆಯೂ ಆಡಲು ಹೋಗಿಲ್ಲ, ‘ಸೋತರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ’ ಎಂದು ಎರಡು ಸಲ ಹೇಳಿದ್ದಾನೆ. ಸೋತದ್ದು ಯಾವುದರಲ್ಲಿ ಎಂದು ಕೇಳಿದ್ದಕ್ಕೆ ಸುಮ್ಮನಾಗಿದ್ದಾನೆ. ಎರಡೂ ಕಡೆಯ ವಕೀಲರು ಈ ಸಾಲನ್ನು ಓದಲಿಲ್ಲ, ಅದರಲ್ಲಿ ಅಂಕ ಇರಲಿಲ್ಲ.

ಗೆಳೆಯನದು ಬೇರೆಯೇ ತೊಡಕು. ವಯಸ್ಸಿಗೆ ಮೊದಲು ಶಾಲೆಯ ಇಲ್ಲವೇ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಸಭೆ ಪಂಚಾಯಿತಿಯ ಜನನ ಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಶಾಲೆಯ ದಾಖಲೆಯಲ್ಲಿ ಅವನಿಗೆ 17 ವರ್ಷ 9 ತಿಂಗಳು. ಜೂನ್ ಒಂದು ಎಂದು ಹುಟ್ಟಿದ ದಿನ. ಒಂದನೇ ಇಯತ್ತೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಎಂದು ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಲೆಕ್ಕ ತಪ್ಪಿದೆ ಎಂದು ಇಲ್ಲಿಗೆ ಓದಿದವರಲ್ಲಿ ಯಾರಾದರೂ ಹಿಡಿಯುತ್ತಾರೆಯೇ ಎಂದು ನಾನು ಕಾಯುತ್ತೇನೆ. ಜೂನ್ ಒಂದಕ್ಕೆ ಹುಟ್ಟಿದವನಿಗೆ ನವೆಂಬರ್ ಮಧ್ಯದಲ್ಲಿ ವರ್ಷದ ಮೇಲೆ ಐದೂವರೆ ತಿಂಗಳಾಗಬೇಕು, ಒಂಬತ್ತಾಗುವುದು ಹೇಗೆ? ಪ್ರಕರಣದ ಹಾಳೆಯಲ್ಲಿ ಬೇಕೆಂದೇ ಬಿಟ್ಟ ತಪ್ಪು ಅದು. ಇಷ್ಟು ಶಿಬಿರಗಳಲ್ಲಿ ಗಣಿತದವರೂ ಸೇರಿ ಯಾರೂ ಹಿಡಿದಿಲ್ಲ. 621ರಲ್ಲಿ ಒಂದಂಕಿ ಆಚೀಚೆ ಮುದ್ರಿಸಿದ ಸಲ ಮಾತ್ರ ಮೂವರು ಕೈಯೆತ್ತಿದ್ದರು.

ಮಂಡಳಿ ಏನು ತೀರ್ಮಾನಿಸಿತು ಎಂಬುದು ಹಾಳೆಯಲ್ಲಿ ಇಲ್ಲ. ಅಲ್ಲಿಗೆ ನಿಲ್ಲಿಸಿ ಚರ್ಚೆಗೆ ಬಿಡುತ್ತೇನೆ. ಮುಕ್ಕಾಲು ಗಂಟೆ ಬಿಸಿಬಿಸಿ ಮಾತಾಗುತ್ತದೆ. ಹುಡುಗನ ಭವಿಷ್ಯ, ಮೊಬೈಲ್ ಪಿಡುಗು, ನೀಟ್ ಒತ್ತಡ, ತಂದೆ ತಾಯಿ, ಕಾನೂನಿನ ಸಡಿಲು. ಕೊನೆಗೆ ಹಾಳೆ ಮಗುಚಿಡಲು ಹೇಳಿ ಕೇಳುತ್ತೇನೆ: ಅಂಗಡಿಯಮ್ಮನ ಯಾವ ಕೈ ಹೋಯಿತು? ಅರ್ಧದಷ್ಟು ಮಂದಿ ಎಡಗೈ ಎನ್ನುತ್ತಾರೆ.

ಪುಸ್ತಕ

ಅಂಗಡಿಯಮ್ಮ ಫೆಬ್ರವರಿಯಲ್ಲಿ ಮರಳಿ ಬಂದರು. ಮಗಳು ಕಾರವಾರಕ್ಕೆ ಬಾ ಎಂದರೂ ಕೇಳಲಿಲ್ಲ. ಈಗ ಮಧ್ಯಾಹ್ನದವರೆಗೆ ಮಾತ್ರ ಅಂಗಡಿ. ಎಡಗೈಯಲ್ಲಿ ಶರಬತ್ತು ಕಲಸುತ್ತಾರೆ, ಬಾಳೆಕಾಯಿ ಚಿಪ್ಸಿನ ಪೊಟ್ಟಣವನ್ನು ಹಲ್ಲಿನಲ್ಲಿ ಹಿಡಿದು ಗಂಟು ಹಾಕುತ್ತಾರೆ. ಬರೆಯಲು ಬರುವುದಿಲ್ಲ, ಹಾಗಾಗಿ ಉದ್ರಿ ಬಂದ್.

ಹಳೆಯ ಪುಸ್ತಕ ಮುದ್ದೆಮಾಲಾಗಿ ಹೋಗಿದೆ, ಪ್ರಕರಣ ಮುಗಿಯುವವರೆಗೆ ಬರುವುದಿಲ್ಲ. ಅದರಲ್ಲಿ ಮೂವತ್ತೇಳು ಮಂದಿಯ ಬಾಕಿ ಇತ್ತು. ಅವರಲ್ಲಿ ನಾಲ್ವರು ತಾವಾಗಿ ಬಂದು ಕೊಟ್ಟು ಹೋದರು. ಉಳಿದವರು ಅಂಗಡಿಯ ಎದುರಿನಿಂದಲೇ ದಿನಾ ಕಾಲೇಜಿಗೆ ಹೋಗುತ್ತಾರೆ. ಅವರಲ್ಲಿ ಹಲವರು ಆ ನವೆಂಬರಿನಲ್ಲಿ ‘ಅಮ್ಮನಿಗೆ ನ್ಯಾಯ ಬೇಕು’ ಎಂದು ಮೇಣದ ಬತ್ತಿ ಹಿಡಿದು ನಡೆದವರು.

ತೋಟದ ಮನೆಯ ಅಪ್ಪ ಒಂದು ದಿನ ಘಟ್ಟ ಇಳಿದು ಬಂದು ಅಂಗಡಿಯಿಂದ ಸ್ವಲ್ಪ ದೂರದಲ್ಲಿ, ಮಾವಿನ ಮರದ ಕೆಳಗೆ ನಿಂತಿದ್ದರು. ಕಿಸೆಯಲ್ಲಿ 2,340 ರೂಪಾಯಿ ಎಣಿಸಿ ಇಟ್ಟುಕೊಂಡಿದ್ದರು. ಕೊಡುವ ಮೊದಲು ವಕೀಲರಿಗೊಂದು ಫೋನು ಮಾಡಿದರು. ಕೊಟ್ಟರೆ ಒಪ್ಪಿಕೊಂಡ ಹಾಗಾಗುತ್ತದೆ, ಬೇಡ ಎಂದರು ಅವರು. ಅಪ್ಪ ಮೂರು ಗಂಟೆಯ ಶಿರಸಿ ಬಸ್ಸಿಗೆ ಹೊರಟರು. ಅವರನ್ನು ಯಾರೋ ಗಿರಾಕಿ ಎಂದುಕೊಂಡ ಅಂಗಡಿಯಮ್ಮ, ಎಡಗೈ ಎತ್ತಿ, ಅಂಗಡಿ ಮುಚ್ಚಿದೆ ಎಂದು ಸನ್ನೆ ಮಾಡಿದರು.